ಚಾವಿ ತಿರುಗಿಸಿದರೂ ಹೊರಡದ ದೋಣಿ ಎಂಜಿನು

ಹೊಳೆಯ ಆಚೆ ದಡದಲ್ಲಿ ಗದ್ದೆಯಿರುವ ರೈತನಿಗೆ, ಕುದ್ರುಗಳಲ್ಲಿ ಮನೆ ಮಾಡಿಕೊಂಡಿರುವ ಸಂಸಾರಗಳಿಗೆ ದೋಣಿಯೇ ಗಾಡಿ, ಹೊಳೆಯೇ ರಸ್ತೆ. ಗಂಗೊಳ್ಳಿಯ ಬಳಿ ಐದು ಹೊಳೆಗಳು ಕೂಡುವ ಪಂಚಗಂಗಾವಳಿಯಲ್ಲಾಗಲಿ, ಹೊನ್ನಾವರದ ಶರಾವತಿಯಲ್ಲಾಗಲಿ, ಅಘನಾಶಿನಿ, ಕಾಳಿ ನದಿಗಳಲ್ಲಾಗಲಿ, ಸೇತುವೆಗಳು ಬಂದ ಮೇಲೂ ದೋಣಿಯಲ್ಲೇ ದಾಟಬೇಕಾದ ಜಾಗಗಳು ಉಳಿದುಕೊಂಡಿವೆ. ತೆಂಗಿನಕಾಯಿ, ಹುಲ್ಲಿನ ಕಟ್ಟು, ಗೊಬ್ಬರದ ಚೀಲ, ಶಾಲೆಯ ಮಕ್ಕಳು, ಕಾಯಿಲೆಯವರು ಎಲ್ಲರಿಗೂ ಅದೇ ದಾರಿ. ಬೆಳಗ್ಗೆ ಎಂಜಿನು ಹೊರಡಲಿಲ್ಲವೆಂದರೆ ಆ ದಿನದ ಕೆಲಸ ಕೆಟ್ಟಂತೆಯೇ. ಹೊಳೆಯ ನಡುವೆ ನಿಂತಿತೆಂದರೆ ಕೆಲಸದ ಮಾತಿರಲಿ, ಪ್ರಾಣದ ಮಾತಾಗುತ್ತದೆ.

ಮೊದಲು ನಮ್ಮ ಕಡೆ ಹೆಚ್ಚಾಗಿ ಇದ್ದುದು ಸೀಮೆಎಣ್ಣೆಯ ಔಟ್‌ಬೋರ್ಡ್ ಎಂಜಿನುಗಳು. ಸ್ವಲ್ಪ ಪೆಟ್ರೋಲಿನಲ್ಲಿ ಹೊರಡಿಸಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸುವುದು ವಾಡಿಕೆ. ಹೊರಡದಿದ್ದರೆ ಚೋಕು ಎಳೆಯುವುದು, ಪ್ಲಗ್ ಬಿಚ್ಚಿ ಉಜ್ಜುವುದು, ಬಾಯಿಗೆ ನಾಲ್ಕು ಹನಿ ಪೆಟ್ರೋಲು ಬಿಟ್ಟು ಹಗ್ಗ ಜಗ್ಗುವುದು ಎಲ್ಲರಿಗೂ ಬಂದ ವಿದ್ಯೆ. ಈಗ ಆ ಜಾಗಕ್ಕೆ ಇಂಜೆಕ್ಷನ್ ಪದ್ಧತಿಯ ಪೆಟ್ರೋಲ್ ಎಂಜಿನುಗಳು ಬರುತ್ತಿವೆ. 2023ರಲ್ಲಿ ರಾಜ್ಯ ಸರಕಾರವು ಮೀನುಗಾರರ ಸೀಮೆಎಣ್ಣೆ ಎಂಜಿನುಗಳಿಗೆ ಬದಲಾಗಿ ಪೆಟ್ರೋಲ್ ಅಥವಾ ಡೀಸೆಲ್ ಎಂಜಿನು ಕೊಳ್ಳಲು ಸಹಾಯಧನವನ್ನೂ ಘೋಷಿಸಿತು. ಹೊಸ ಎಂಜಿನು ಹೊಗೆ ಕಡಿಮೆ ಬಿಡುತ್ತದೆ, ಎಣ್ಣೆ ಉಳಿಸುತ್ತದೆ, ಚಳಿಯಲ್ಲೂ ಒಂದೇ ಸಲಕ್ಕೆ ಹೊರಡುತ್ತದೆ. ಆದರೆ ಹೊರಡದ ದಿನ ನಮ್ಮ ಹಳೆಯ ವಿದ್ಯೆಯನ್ನು ಅದರ ಮೇಲೆ ತೋರಿಸಹೋದರೆ ಇದ್ದುದೂ ಕೆಡುತ್ತದೆ. ಅದಕ್ಕಾಗಿಯೇ ಈ ಲೇಖನ.

ಈ ಎಂಜಿನಿನ ಒಳಗೆ ನಡೆಯುವುದೇನು

ಹಳೆಯ ಕಾರ್ಬ್ಯುರೇಟರು ಒಂದು ಬಟ್ಟಲಿದ್ದ ಹಾಗೆ. ಗಾಳಿಯು ಅದರ ಮೇಲೆ ಹಾಯುವಾಗ ಎಣ್ಣೆಯನ್ನು ತಾನೇ ಹೀರಿಕೊಂಡು ಹೋಗುತ್ತಿತ್ತು. ಇಂಜೆಕ್ಷನ್ ಎಂಜಿನಿನಲ್ಲಿ ಹೀರುವ ಮಾತಿಲ್ಲ, ಚಿಮುಕಿಸುವ ಮಾತು. ಟ್ಯಾಂಕಿನಿಂದ ರಬ್ಬರು ಕೊಳವೆಯಲ್ಲಿ ಬಂದ ಪೆಟ್ರೋಲು ಮೊದಲು ಎಂಜಿನಿನ ಮೈಯಲ್ಲೇ ಇರುವ ಒಂದು ಸಣ್ಣ ತೊಟ್ಟಿಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಒಂದು ವಿದ್ಯುತ್ ಪಂಪು ಅದನ್ನು ಒತ್ತಡದಿಂದ ಮುಂದಕ್ಕೆ ನೂಕುತ್ತದೆ. ಇಂಜೆಕ್ಟರು ಎಂಬ ಸಣ್ಣ ಮೂತಿಯು ತೆರೆದು ಮುಚ್ಚಿ, ಬೇಕಾದಷ್ಟನ್ನೇ ಮಂಜಿನಂತೆ ಸಿಂಪಡಿಸುತ್ತದೆ. ಎಷ್ಟು ಬೇಕು, ಯಾವಾಗ ಬೇಕು ಎಂಬುದನ್ನು ನಿರ್ಧರಿಸುವುದು ಮುಚ್ಚಳದೊಳಗಿನ ಒಂದು ಕಪ್ಪು ಪೆಟ್ಟಿಗೆ. ಅದನ್ನು ಹಿಂದಿನ ಕಾಲದ ಶಾನುಭೋಗರಿಗೆ ಹೋಲಿಸಬಹುದು. ಗಾಳಿ ಎಷ್ಟು, ಬಿಸಿ ಎಷ್ಟು, ಚಕ್ರ ಎಲ್ಲಿಗೆ ಬಂದಿದೆ ಎಂದು ನಾಲ್ಕು ಕಡೆಯಿಂದ ವರದಿ ತರಿಸಿಕೊಂಡು, ಲೆಕ್ಕ ಹಾಕಿ, ಆಮೇಲೆ ಎಣ್ಣೆ ಮಂಜೂರು ಮಾಡುತ್ತದೆ. ವರದಿ ಬಾರದಿದ್ದರೆ ಮಂಜೂರಾತಿ ಇಲ್ಲ. ತನಗೆ ಸಾಕಷ್ಟು ವಿದ್ಯುತ್ತು ಬಾರದಿದ್ದರೆ ಕಚೇರಿಯೇ ತೆರೆಯುವುದಿಲ್ಲ.

ಇದು ಹೊಸ ಸಂಗತಿಯೆಂದು ಹೆದರಬೇಕಾಗಿಲ್ಲ. 2020ರ ಏಪ್ರಿಲಿನಲ್ಲಿ ಬಿ.ಎಸ್.-6 ನಿಯಮ ಬಂದ ತರುವಾಯ ಕೊಂಡ ನಿಮ್ಮ ಮನೆಯ ಮೋಟಾರ್ ಸೈಕಲ್ಲಿನಲ್ಲೂ ಸಾಮಾನ್ಯವಾಗಿ ಇದೇ ಏರ್ಪಾಡು ಇದೆ. ಚಾವಿ ತಿರುಗಿಸಿದೊಡನೆ ಸೀಟಿನ ಕೆಳಗೆ ಎರಡು ಮೂರು ಕ್ಷಣ ಜೇನುಹುಳದಂತೆ ಗುಂಯ್ ಎಂದು ಕೇಳಿಬರುತ್ತದಲ್ಲ, ಅದೇ ಪಂಪಿನ ಸದ್ದು. ದೋಣಿಯ ಎಂಜಿನಿನಲ್ಲಿಯೂ ಆ ಸದ್ದನ್ನು ಕೇಳುವ ಅಭ್ಯಾಸ ಮಾಡಿಕೊಳ್ಳಿ. ಮುಂದೆ ಅದರ ಪ್ರಯೋಜನ ತಿಳಿಯುತ್ತದೆ.

ಮೊದಲು ಲಂಗರು, ಆಮೇಲೆ ಎಂಜಿನು

ಒಂದು ಸಂಜೆ ಈ ಲೇಖಕನು ಒಬ್ಬ ರೈತರ ದೋಣಿಯಲ್ಲಿ ಹೊಳೆ ದಾಟುತ್ತಿದ್ದನು. ಕಾಯಿಯ ಮೂಟೆಗಳ ನಡುವೆ ನಾವು ಐದು ಜನ. ನಡುಹೊಳೆಯಲ್ಲಿ ಎಂಜಿನು ಥಟ್ಟನೆ ನಿಂತಿತು. ಹೊತ್ತು ಇಳಿತದ ಹೊತ್ತು, ನೀರೆಲ್ಲ ಅಳಿವೆಯ ಕಡೆಗೆ ಓಡುತ್ತಿತ್ತು. ದೋಣಿಯವರು ಚಾವಿ ತಿರುಗಿಸಿದರು. ಸ್ಟಾರ್ಟರು ಗರಗರ ತಿರುಗಿತು, ಎಂಜಿನು ಹಿಡಿಯಲಿಲ್ಲ. ಮತ್ತೆ ತಿರುಗಿಸಿದರು. ಎಲ್ಲರ ಕಣ್ಣೂ ಎಂಜಿನಿನ ಮೇಲೆ. ದಡ ಎಷ್ಟು ಹಿಂದೆ ಸರಿಯಿತೆಂಬುದನ್ನು ಯಾರೂ ನೋಡಲಿಲ್ಲ. ಕಡೆಗೆ ಮೂಲೆಯಲ್ಲಿ ಕುಳಿತಿದ್ದ ಮುದುಕಿಯೊಬ್ಬರು, “ಲಂಗರು ಬಿಡಿ ಮಾರಾಯ್ರೆ, ಅಳಿವೆ ಹತ್ತಿರ ಬಂತು” ಎಂದು ಕೂಗಿದಾಗ ನಮಗೆ ಎಚ್ಚರ. ಲಂಗರು ಕಚ್ಚಿತು, ದೋಣಿ ನಿಂತಿತು, ಜೀವ ಬಂತು. ಆಮೇಲೆ ಸಾವಕಾಶವಾಗಿ ನೋಡಿದರೆ, ಒಬ್ಬರು ಮೂಟೆ ಸರಿಸುವಾಗ ಕೆಂಪು ಹಗ್ಗಕ್ಕೆ ಕಾಲು ತಾಗಿ ಅದರ ಕ್ಲಿಪ್ಪು ಕಳಚಿ ಬಿದ್ದಿತ್ತು. ಅದನ್ನು ಅದರ ಜಾಗದಲ್ಲಿ ಸಿಕ್ಕಿಸಿದ ಕೂಡಲೆ ಎಂಜಿನು ಹೊರಟಿತು.

ಆದ್ದರಿಂದ ನೀರಿನ ಮೇಲೆ ಎಂಜಿನು ನಿಂತರೆ ಮೊದಲು ಲಂಗರು ಬಿಡಿ. ಲಂಗರಿಲ್ಲದೆ, ಒಂದು ಜೊತೆ ಹುಟ್ಟು ಅಥವಾ ಒಂದು ಉದ್ದನೆಯ ಜಲ್ಲೆ ಇಲ್ಲದೆ, ಎಲ್ಲರಿಗೂ ತೇಲುವ ಅಂಗಿ ಇಲ್ಲದೆ ಎಂಜಿನನ್ನು ನಂಬಿ ಹೊರಡಕೂಡದು.

ಆ ಕೆಂಪು ಹಗ್ಗದ ವಿಷಯ ಇನ್ನೆರಡು ಮಾತು ಹೇಳಬೇಕು. ಟೆಲಿಫೋನಿನ ತಂತಿಯ ಹಾಗೆ ಸುರುಳಿ ಸುತ್ತಿದ ಈ ಹಗ್ಗವನ್ನು ದೋಣಿ ನಡೆಸುವವರು ಮೈಗೆ ಕಟ್ಟಿಕೊಳ್ಳಬೇಕು. ಅವರು ನೀರಿಗೆ ಬಿದ್ದರೆ ಕ್ಲಿಪ್ಪು ಕಳಚಿ ಎಂಜಿನು ತಾನಾಗಿ ನಿಲ್ಲಲೆಂದು ಈ ಏರ್ಪಾಡು. ಕ್ಲಿಪ್ಪು ಇಲ್ಲದಾಗ ಅನೇಕ ಎಂಜಿನುಗಳಲ್ಲಿ ಸ್ಟಾರ್ಟರು ಮಾತ್ರ ಚೆನ್ನಾಗಿ ತಿರುಗುತ್ತದೆ, ಕಿಡಿಯೂ ಇಲ್ಲ, ಎಣ್ಣೆಯೂ ಇಲ್ಲ. ಹೀಗಾಗಿ ದೋಷ ಎಲ್ಲೋ ಒಳಗಿದೆಯೆಂದು ಜನ ಮೋಸಹೋಗುತ್ತಾರೆ. ಮತ್ತೆ ಮತ್ತೆ ಕಳಚುತ್ತದೆಂದು ಬೇಸತ್ತು ಕ್ಲಿಪ್ಪನ್ನು ತಂತಿಯಿಂದ ಬಿಗಿದು ಬಿಟ್ಟವರನ್ನೂ ನೋಡಿದ್ದೇನೆ. ಅದು ದೊಡ್ಡ ತಪ್ಪು. ಒಬ್ಬರೇ ಹೋಗುವಾಗ ಬಿದ್ದರೆ ದೋಣಿ ಮುಂದೆ ಹೋಗಿಬಿಡುತ್ತದೆ, ಇಲ್ಲವೆ ಸುತ್ತು ಹಾಕಿ ಬಿದ್ದವರ ಮೇಲೆಯೇ ಬರುತ್ತದೆ. ಬೇಕಾದರೆ ಇನ್ನೊಂದು ಕ್ಲಿಪ್ಪು ಕೊಂಡು ದೋಣಿಯಲ್ಲೇ ಇಟ್ಟುಕೊಳ್ಳಿ.

ಸ್ಟಾರ್ಟರು ತಿರುಗದಿದ್ದರೆ

ಚಾವಿ ತಿರುಗಿಸಿದಾಗ ಸದ್ದೇ ಇಲ್ಲ, ಅಥವಾ ಟಕ್ ಎಂದು ಒಂದೇ ಸದ್ದು. ಇಂಥ ಕಡೆ ಪೆಟ್ರೋಲಿನ ಚಿಂತೆ ಬೇಡ, ಸಾಮಾನ್ಯವಾಗಿ ದೋಷ ವಿದ್ಯುತ್ತಿನದು. ಮೊದಲು ಗೇರು ನಡುವಿನ ಸ್ಥಾನದಲ್ಲಿದೆಯೇ ನೋಡಿ. ಮುಂದಕ್ಕೋ ಹಿಂದಕ್ಕೋ ಸಿಕ್ಕಿಕೊಂಡಿದ್ದರೆ ಸ್ಟಾರ್ಟರು ತಿರುಗದಂತೆ ತಡೆ ಇರುತ್ತದೆ. ಲಿವರನ್ನು ಒಮ್ಮೆ ಮುಂದೆ ಹಿಂದೆ ಆಡಿಸಿ ನಡುವಿಗೆ ತಂದು ನೋಡಿ. ಬ್ಯಾಟರಿಯ ದೊಡ್ಡ ಸ್ವಿಚ್ಚು ಇದ್ದರೆ ಅದನ್ನು ಯಾರಾದರೂ ಆರಿಸಿದ್ದಾರೆಯೇ ನೋಡಿ.

ಆಮೇಲೆ ಬ್ಯಾಟರಿ. ಉಪ್ಪುಗಾಳಿಯಲ್ಲಿ ಬ್ಯಾಟರಿಯ ಕೊನೆಗಳಿಗೆ ಬಿಳಿ ಹಸುರು ಪುಡಿ ಹಿಡಿಯುವುದು ಬಹಳ ಬೇಗ. ದೋಣಿಯ ಕುಲುಕಾಟಕ್ಕೆ ತಿರುಪು ಸಡಿಲವಾಗುವುದೂ ಸಾಮಾನ್ಯ. ಕೈಯಿಂದ ಹಿಡಿದು ಅಲ್ಲಾಡಿಸಿದರೆ ತಂತಿಯ ಕೊನೆ ಅಲ್ಲಾಡಕೂಡದು. ಮೊದಲು ಕಪ್ಪು ತಂತಿಯನ್ನು, ಆಮೇಲೆ ಕೆಂಪನ್ನು ಬಿಚ್ಚಿ, ಅಡುಗೆ ಸೋಡಾ ಕರಗಿಸಿದ ನೀರಿನಿಂದ ಹಳೆಯ ಬ್ರಷ್ಷಿನಲ್ಲಿ ಉಜ್ಜಿ, ಒರಸಿ, ಒಣಗಿಸಿ, ಈ ಸಲ ಕೆಂಪನ್ನು ಮೊದಲು ಕಪ್ಪನ್ನು ಕಡೆಗೆ ಕೂಡಿಸಿ, ಬಿಗಿಮಾಡಿ, ಮೇಲೆ ತೆಳುವಾಗಿ ಗ್ರೀಸು ಸವರಬೇಕು. ಸೋಡಾ ನೀರು ಬ್ಯಾಟರಿಯ ಒಳಗೆ ಬೀಳಬಾರದು.

ಬ್ಯಾಟರಿಯ ಶಕ್ತಿ ಅಳೆಯುವ ಮೀಟರು ಊರಿನ ಯಾವ ವೈರಿಂಗ್ ಕೆಲಸದವರ ಬಳಿಯಲ್ಲಾದರೂ ಇರುತ್ತದೆ. ಕೆಲಸವಿಲ್ಲದೆ ನಿಂತಿರುವ 12 ವೋಲ್ಟಿನ ಒಳ್ಳೆಯ ಬ್ಯಾಟರಿ 12.6ರ ಸುಮಾರು ತೋರಿಸುತ್ತದೆ. 12ಕ್ಕೆ ಇಳಿದಿದ್ದರೆ ಅರ್ಧಕ್ಕಿಂತ ಹೆಚ್ಚು ಖಾಲಿಯೆಂದು ತಿಳಿಯಿರಿ. ಸ್ಟಾರ್ಟರು ತಿರುಗುವಾಗ ನೋಡಿದರೆ 10ರ ಆಸುಪಾಸಿಗಿಂತ ಕೆಳಗೆ ಬೀಳಬಾರದು. ಇಲ್ಲೊಂದು ಸೂಕ್ಷ್ಮವಿದೆ. ಸೋತ ಬ್ಯಾಟರಿಯು ಸ್ಟಾರ್ಟರನ್ನು ಹೇಗೋ ಎಳೆದಾಡಿ ತಿರುಗಿಸೀತು. ಆದರೆ ಆ ಎಳೆದಾಟದಲ್ಲಿ ಶಾನುಭೋಗರ ಪೆಟ್ಟಿಗೆಗೂ ಪೆಟ್ರೋಲ್ ಪಂಪಿಗೂ ಸಾಲದೆ ಹೋಗುತ್ತದೆ. ಎಂಜಿನು ತಿರುಗುತ್ತದೆ, ಹಿಡಿಯುವುದಿಲ್ಲ. ಸೀಮೆಎಣ್ಣೆ ಎಂಜಿನಿಗೆ ಬ್ಯಾಟರಿಯೇ ಬೇಕಿರಲಿಲ್ಲವಾದುದರಿಂದ ನಮ್ಮವರಿಗೆ ಇದು ಬೇಗ ಹೊಳೆಯುವುದಿಲ್ಲ. ಕೆಲವು ಸಣ್ಣ ಎಂಜಿನುಗಳಲ್ಲಿ ಹಗ್ಗ ಎಳೆದಾಗ ಹುಟ್ಟುವ ವಿದ್ಯುತ್ತಿನಿಂದಲೇ ಇಂಜೆಕ್ಷನ್ ನಡೆಯುವಂತೆ ಮಾಡಿದ್ದಾರೆ. ನಿಮ್ಮದು ಅಂಥದೇ ಎಂದು ಕೈಪಿಡಿಯಲ್ಲಿ ಮೊದಲೇ ನೋಡಿಟ್ಟುಕೊಳ್ಳಿ.

ಟ್ರ್ಯಾಕ್ಟರಿನ 12 ವೋಲ್ಟಿನ ಬ್ಯಾಟರಿಯಿಂದ ತಂತಿ ಕೊಟ್ಟು ಹೊರಡಿಸಬಹುದು. ಲಾರಿಯ 24 ವೋಲ್ಟು ಕೊಡಲೇಕೂಡದು. ಕೆಂಪು ಕಪ್ಪು ಅದಲು ಬದಲಾದರೆ ಒಂದೇ ಕ್ಷಣದಲ್ಲಿ ಕಪ್ಪು ಪೆಟ್ಟಿಗೆ ಸುಟ್ಟುಹೋಗಬಹುದು. ಅದರ ಬೆಲೆ ಒಂದು ಒಳ್ಳೆಯ ಹಸುವಿನ ಬೆಲೆಗೆ ಹತ್ತಿರ ಬಂದೀತು. ಎಂಜಿನು ಓಡುತ್ತಿರುವಾಗ ಬ್ಯಾಟರಿಯ ತಂತಿ ಬಿಚ್ಚುವುದೂ ಅಷ್ಟೇ ಅಪಾಯ.

ಫ್ಯೂಸು ಸುಟ್ಟಿದ್ದರೆ ಅದೇ ಅಳತೆಯದನ್ನೇ ಹಾಕಬೇಕು. ಹಲವು ಎಂಜಿನುಗಳ ಮುಚ್ಚಳದ ಒಳಗೆ ಒಂದು ಬದಲಿ ಫ್ಯೂಸು ಇಟ್ಟಿರುತ್ತಾರೆ. ಮನೆಯ ಫ್ಯೂಸಿಗೆ ಮಾಡುವಂತೆ ತಾಮ್ರದ ತಂತಿ ಸುತ್ತಬೇಡಿ.

ತಿರುಗುತ್ತದೆ, ಹಿಡಿಯುವುದಿಲ್ಲ

ಸ್ಟಾರ್ಟರು ಚುರುಕಾಗಿ ತಿರುಗುತ್ತಿದೆ, ಕೆಂಪು ಕ್ಲಿಪ್ಪು ಸರಿಯಿದೆ, ಬ್ಯಾಟರಿ ಒಳ್ಳೆಯದಿದೆ. ಈಗ ಪೆಟ್ರೋಲಿನ ಕಡೆಗೆ ಬರೋಣ. ಅದಕ್ಕೆ ಮುಂಚೆ ಬೀಡಿ ಆರಿಸಿ. ಟ್ಯಾಂಕು ಹಲಗೆಯ ಕೆಳಗಿದ್ದರೆ ಹಲಗೆ ತೆಗೆದು ಗಾಳಿಯಾಡಲು ಬಿಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ದೋಣಿಯ ತಳದಲ್ಲೇ ಮಲಗಿರುತ್ತದೆ. ವಾಸನೆ ಬರುತ್ತಿರುವಾಗ ಚಾವಿ ಮುಟ್ಟಬೇಡಿ.

ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿಯ ತಿರುಪು ತೆರೆದಿದೆಯೇ? ಮುಚ್ಚಿದ್ದರೆ ಎಂಜಿನು ಹೊರಟು ಸ್ವಲ್ಪ ಹೊತ್ತು ಓಡಿ, ಟ್ಯಾಂಕಿನೊಳಗೆ ಗಾಳಿ ಸಾಲದೆ ನಿಂತುಬಿಡುತ್ತದೆ. ಆಗ ಕೊಳವೆಯ ನಡುವಿನ ರಬ್ಬರ್ ಬಲ್ಬು ಚಪ್ಪಟೆಯಾಗಿರುತ್ತದೆ. ಬಲ್ಬಿನ ಮೇಲೊಂದು ಬಾಣದ ಗುರುತಿದೆ. ಅದು ಎಂಜಿನಿನ ಕಡೆಗೆ ಇರಬೇಕು. ಬಾಣ ಮೇಲ್ಮುಖವಾಗಿರುವಂತೆ ಎತ್ತಿ ಹಿಡಿದು, ಗಟ್ಟಿಯಾಗುವ ತನಕ ಹಿಸುಕಿ. ಎಷ್ಟು ಹಿಸುಕಿದರೂ ಮೆತ್ತಗೇ ಇದ್ದರೆ ಟ್ಯಾಂಕು ಖಾಲಿ, ಇಲ್ಲವೆ ಎಲ್ಲೋ ಗಾಳಿ ಹೀರುತ್ತಿದೆ. ಹೆಚ್ಚಾಗಿ ಕೊಳವೆಯ ಕೊನೆಯ ಕೊಂಡಿಗಳಲ್ಲಿರುವ ರಬ್ಬರು ಬಳೆ ಒಣಗಿ ಬಿರುಕು ಬಿಟ್ಟಿರುತ್ತದೆ.

ಈಗ ಚಾವಿಯನ್ನು ಮೊದಲ ಹೆಜ್ಜೆಗೆ ಮಾತ್ರ ತಿರುಗಿಸಿ ಕಿವಿಗೊಡಿ. ಗುಂಯ್ ಎಂಬ ಸದ್ದು ಬಂದು ನಿಂತರೆ ಪಂಪಿಗೆ ವಿದ್ಯುತ್ತು ಬರುತ್ತಿದೆ. ಎಂದೂ ಕೇಳುತ್ತಿದ್ದ ಸದ್ದು ಇಂದು ಇಲ್ಲವಾದರೆ ಪಂಪಿನ ಫ್ಯೂಸು, ತಂತಿಯ ಕೊಂಡಿ ಇಷ್ಟನ್ನು ನೋಡಬಹುದು. ಅದರಾಚೆಗಿನದು ಮೆಕ್ಯಾನಿಕರ ಕೆಲಸ. ಪಂಪಿನಿಂದ ಇಂಜೆಕ್ಟರಿಗೆ ಹೋಗುವ ಕೊಳವೆಯನ್ನು ಬಿಚ್ಚಿ ನೋಡುವ ಆಸೆ ಬೇಡ. ಒತ್ತಡದಲ್ಲಿರುವ ಪೆಟ್ರೋಲು ಕಣ್ಣಿಗೂ ಬಿಸಿ ಎಂಜಿನಿಗೂ ಚಿಮ್ಮುತ್ತದೆ.

ನೀರು ಬೆರೆತ ಪೆಟ್ರೋಲು

ಮೇಲಿನವೆಲ್ಲ ಸರಿಯಿದ್ದೂ ಎಂಜಿನು ಹಿಡಿಯದಿದ್ದರೆ, ಅಥವಾ ಹಿಡಿದು ಕೆಮ್ಮಿ ನಿಂತರೆ, ನೀರನ್ನು ಸಂಶಯಿಸಬೇಕು. ಅದರಲ್ಲೂ ಮಳೆಗಾಲದಲ್ಲಿ ಸುಮ್ಮನೆ ಕಟ್ಟಿಹಾಕಿದ್ದ ದೋಣಿಯಾದರೆ ಇದನ್ನೇ ಮೊದಲು ನೋಡುವುದು ಲೇಸು.

ಕಾರಣವಿಷ್ಟೆ. ನಮ್ಮ ಕಬ್ಬು, ಜೋಳ, ಅಕ್ಕಿಗಳಿಂದ ತೆಗೆದ ಎಥೆನಾಲನ್ನು ಈಗ ಪೆಟ್ರೋಲಿಗೆ ಬೆರೆಸುತ್ತಾರೆ. 2025ರ ಹೊತ್ತಿಗೆ ದೇಶದಲ್ಲಿ ಈ ಬೆರಕೆ ನೂರಕ್ಕೆ 20ರ ಮಟ್ಟ ಮುಟ್ಟಿತು. ಬೆಳೆಗಾರನಿಗೆ ಅದರಿಂದ ಲಾಭವುಂಟು. ದೋಣಿಯವನು ಮಾತ್ರ ಸ್ವಲ್ಪ ಎಚ್ಚರದಿಂದಿರಬೇಕು. ಎಥೆನಾಲಿಗೆ ನೀರೆಂದರೆ ಪ್ರೀತಿ. ಗಾಳಿಯ ತೇವ, ರಾತ್ರಿಯ ತಂಪಿಗೆ ಅರೆತುಂಬಿದ ಟ್ಯಾಂಕಿನ ಒಳಮೈಯಲ್ಲಿ ಕೂಡುವ ಹನಿ, ಸಡಿಲ ಮುಚ್ಚಳದಿಂದ ಇಳಿದ ಮಳೆನೀರು ಇವನ್ನೆಲ್ಲ ಸ್ವಲ್ಪ ಮಟ್ಟಿಗೆ ತನ್ನೊಳಗೆ ಕರಗಿಸಿಕೊಂಡಿರುತ್ತದೆ. ಮಿತಿ ಮೀರಿತೆಂದರೆ ಎಥೆನಾಲೂ ನೀರೂ ಒಟ್ಟಾಗಿ ಪೆಟ್ರೋಲನ್ನು ಬಿಟ್ಟು ತಳಕ್ಕೆ ಇಳಿದುಬಿಡುತ್ತವೆ. ಟ್ಯಾಂಕಿನಿಂದ ಎಂಜಿನಿಗೆ ಹೀರುವ ಕೊಳವೆಯ ಬಾಯಿ ಇರುವುದೂ ತಳದಲ್ಲೇ. ಎಂಜಿನಿಗೆ ಹೋಗುವುದು ಪೆಟ್ರೋಲಲ್ಲ, ಆ ತಳದ ನೀರು. ಹಳೆಯ ಕಾರ್ಬ್ಯುರೇಟರಿನ ಬಟ್ಟಲನ್ನು ಬಿಚ್ಚಿ ಚೆಲ್ಲಿಬಿಡುತ್ತಿದ್ದೆವು. ಇಂಜೆಕ್ಟರಿನ ಕೂದಲೆಳೆಯಂಥ ರಂಧ್ರಕ್ಕೆ ಅದು ಹೋಗಿ ತುಕ್ಕು ಹಿಡಿಸಿದರೆ ಸುಲಭದಲ್ಲಿ ಬಿಡುವುದಿಲ್ಲ.

ಪರೀಕ್ಷೆ ಸುಲಭ. ಎಂಜಿನಿಗೂ ಟ್ಯಾಂಕಿಗೂ ನಡುವೆ ನೀರು ಬೇರ್ಪಡಿಸುವ ಫಿಲ್ಟರು ಇದ್ದರೆ ಅದರ ತಳದಿಂದ, ಇಲ್ಲದಿದ್ದರೆ ಟ್ಯಾಂಕಿನ ತಳದಿಂದ ಸ್ವಲ್ಪ ಎಣ್ಣೆಯನ್ನು ಬಿಳಿ ಗಾಜಿನ ಬಾಟಲಿಗೆ ತೆಗೆದು ಕಾಲು ಗಂಟೆ ಅಲ್ಲಾಡಿಸದೆ ಇಡಿ. ಎರಡು ಪದರ ಕಂಡರೆ ಕೆಳಗಿನದು ನೀರಿನ ಪದರ. ಕಂಡಿತೆಂದರೆ ಅದರ ಮೇಲೆ ಹೊಸ ಪೆಟ್ರೋಲು ಸುರಿದು ಸರಿಮಾಡುತ್ತೇನೆಂದು ಹೋಗಬೇಡಿ. ಟ್ಯಾಂಕನ್ನು ಪೂರಾ ಬರಿದು ಮಾಡಿ, ಒಣಗಿಸಿ, ಫಿಲ್ಟರು ಬದಲಿಸಬೇಕು. ಮೇಲೆ ಉಳಿದ ಪೆಟ್ರೋಲೂ ಎಥೆನಾಲು ಕಳೆದುಕೊಂಡು ಗುಣ ಕೆಟ್ಟದ್ದೇ. ತೆಗೆದುದನ್ನು ಹೊಳೆಗೂ ಗದ್ದೆಗೂ ಚೆಲ್ಲದೆ, ಮಕ್ಕಳಿಗೆ ಸಿಗದ ಕಡೆ ಡಬ್ಬಿಯಲ್ಲಿ ಗುರುತು ಮಾಡಿಟ್ಟು, ಮೆಕ್ಯಾನಿಕರಿಗೆ ಒಪ್ಪಿಸಿ.

ಇನ್ನೂ ಒಂದು ಉಪಾಯವಿದೆ, ಇದರಿಂದ ಅರ್ಧ ತಕರಾರು ಬಗೆಹರಿಯುತ್ತದೆ. ಒಂದು ಸಣ್ಣ ಶುಭ್ರವಾದ ದೋಣಿ ಟ್ಯಾಂಕು, ಅದಕ್ಕೆ ಬೇರೆಯ ಕೊಳವೆ ಬಲ್ಬು, ಅದರಲ್ಲಿ ಅಂದೇ ತಂದ ಎರಡು ಲೀಟರು ಪೆಟ್ರೋಲು. ಇದನ್ನು ಎಂಜಿನಿಗೆ ಕೂಡಿಸಿ ನೋಡಿ. ಹೊರಟರೆ ದೋಷ ಹಳೆಯ ಟ್ಯಾಂಕು ಕೊಳವೆಗಳಲ್ಲಿದೆ. ಆಗಲೂ ಹೊರಡದಿದ್ದರೆ ಎಂಜಿನಿನ ಒಳಗಿದೆ. ನಾಲ್ಕು ಜನ ದೋಣಿಯವರು ಕೂಡಿ ಇಂಥದೊಂದನ್ನು ಇಟ್ಟುಕೊಂಡರೂ ಸಾಕು.

ಅನೇಕ ತಯಾರಕರು ತಮ್ಮ ದೋಣಿ ಎಂಜಿನಿಗೆ ನೂರಕ್ಕೆ 10 ಪಾಲಿಗಿಂತ ಹೆಚ್ಚು ಎಥೆನಾಲು ಸಲ್ಲದೆಂದು ಕೈಪಿಡಿಯಲ್ಲಿ ಬರೆದಿರುತ್ತಾರೆ. ಕೊಳ್ಳುವಾಗಲೇ ಮಾರುವವರನ್ನು ಇದನ್ನು ಕೇಳಿ, ಉತ್ತರವನ್ನು ರಸೀದಿಯ ಮೇಲೆ ಬರೆಸಿಕೊಳ್ಳುವುದು ಒಳಿತು.

ಮಾಡಬಾರದ ಕೆಲಸಗಳು

ಸ್ಟಾರ್ಟರನ್ನು ಐದಾರು ಸೆಕೆಂಡಿಗಿಂತ ಹೆಚ್ಚು ಒಂದೇ ಸಮನೆ ತಿರುಗಿಸಬೇಡಿ. ಎರಡು ನಿಮಿಷ ಆರಲು ಬಿಟ್ಟು ಮತ್ತೆ ನೋಡಿ. ಗಾಳಿಯ ಬಾಯಿಗೆ ಪೆಟ್ರೋಲು ಬಿಡುವ ಹಳೆಯ ಪದ್ಧತಿಯನ್ನು ಪೂರ್ತಿ ಮರೆಯಿರಿ. ಬೆಂಕಿ ಹಿಂದಕ್ಕೆ ಬಂದರೆ ಮುಖ ಸುಡುತ್ತದೆ, ದೋಣಿಯಲ್ಲಿ ಓಡಲು ಜಾಗವೂ ಇಲ್ಲ. ದಡದ ಮೇಲೆ ನೀರಿಲ್ಲದೆ ಎಂಜಿನು ಓಡಿಸಿ ನೋಡುವುದೂ ಬೇಡ. ಒಳಗೆ ನೀರೆತ್ತುವ ರಬ್ಬರ್ ಚಕ್ರ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ. ಪೀಪಾಯಿಯಲ್ಲಿ ನೀರು ತುಂಬಿ ಅದರೊಳಗೆ ಕಾಲು ಮುಳುಗಿಸಿ ಓಡಿಸಬೇಕು. ಹೊರಟ ಮೇಲೆ ಹಿಂಬದಿಯ ಸಣ್ಣ ತೂತಿನಿಂದ ನೀರಿನ ಎಳೆ ಚಿಮ್ಮುತ್ತಿದೆಯೇ ಎಂದು ನೋಡಿ.

ಡೀಸೆಲ್ ಎಂಜಿನಾದರೆ

ದೊಡ್ಡ ದೋಣಿಗಳಲ್ಲಿರುವ ಡೀಸೆಲ್ ಎಂಜಿನೂ, ನಿಮ್ಮ ತೋಟದ ಡೀಸೆಲ್ ಪಂಪುಸೆಟ್ಟೂ ಇಂಜೆಕ್ಷನ್ ಎಂಜಿನುಗಳೇ, ಆದರೆ ಅವಕ್ಕೆ ಕಿಡಿ ಬೇಡ. ಅಲ್ಲಿ ಮುಖ್ಯ ಶತ್ರು ಗಾಳಿ. ಟ್ಯಾಂಕು ಒಮ್ಮೆ ಬರಿದಾಯಿತೆಂದರೆ ಕೊಳವೆಗೆ ಗಾಳಿ ಸೇರಿ, ಎಣ್ಣೆ ತುಂಬಿದ ಮೇಲೂ ಎಂಜಿನು ಹಿಡಿಯುವುದಿಲ್ಲ. ತಿರುಗಿಸುವಾಗ ಹೊಗೆಗೊಳವೆಯನ್ನು ನೋಡಿ. ಬಿಳಿ ಹೊಗೆ ಬಂದರೆ ಎಣ್ಣೆ ತಲುಪುತ್ತಿದೆ, ಉರಿಯುತ್ತಿಲ್ಲ. ಹೊಗೆಯೇ ಇಲ್ಲದಿದ್ದರೆ ಎಣ್ಣೆ ತಲುಪಿಲ್ಲ. ನಿಲ್ಲಿಸುವ ಲಿವರು ನಿಲ್ಲಿಸಿದ ಸ್ಥಾನದಲ್ಲೇ ಉಳಿದಿಲ್ಲವಷ್ಟೆ? ಅದು ಸರಿಯಿದ್ದರೆ ಫಿಲ್ಟರಿನ ಮೇಲಿನ ಸಣ್ಣ ತಿರುಪನ್ನು ಒಂದು ಸುತ್ತು ಸಡಿಲಿಸಿ, ಕೈಪಂಪನ್ನು ಒತ್ತುತ್ತ, ಗುಳ್ಳೆ ನಿಂತು ಬರೀ ಎಣ್ಣೆ ಬರುವ ತನಕ ಕಾದು, ತಿರುಪು ಬಿಗಿ ಮಾಡಿ. ಇಂಜೆಕ್ಟರಿನ ಬಳಿ ಮಾತ್ರ ಬೆರಳು ಒಯ್ಯಬೇಡಿ. ಅಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನು ಸೂಜಿಯಂತೆ ತೂರಿ ಒಳಗೆ ಹೋಗುತ್ತದೆ. ಗಾಯ ಸಣ್ಣದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು, ತಡಮಾಡಿದರೆ ಬೆರಳನ್ನೇ ಕತ್ತರಿಸಬೇಕಾದೀತು.

ಮೆಕ್ಯಾನಿಕರನ್ನು ಕರೆಯುವ ಮುನ್ನ

ಇಷ್ಟಾದರೂ ಹೊರಡದಿದ್ದರೆ ತಜ್ಞರೇ ಬರಬೇಕು. ಅವರು ಕಪ್ಪು ಪೆಟ್ಟಿಗೆಗೆ ತಮ್ಮ ಉಪಕರಣ ಜೋಡಿಸಿ, ಯಾವ ವರದಿ ನಿಂತಿದೆಯೆಂದು ಓದುತ್ತಾರೆ. ಫೋನಿನಲ್ಲಿ “ಎಂಜಿನು ಹೋಯ್ತು, ಬನ್ನಿ” ಎಂದಷ್ಟೇ ಹೇಳಿದರೆ ಅವರು ಒಮ್ಮೆ ಬಂದು ನೋಡಿ, ಸಾಮಾನು ತರಲು ಮತ್ತೊಮ್ಮೆ ಹೋಗಿ ಬರಬೇಕಾಗುತ್ತದೆ, ಎರಡು ಸಲದ ಬಾಡಿಗೆ ನಿಮ್ಮ ಮೇಲೆ. ಅದರ ಬದಲು ಎಂಜಿನಿನ ಹೆಸರು ಮತ್ತು ಸಂಖ್ಯೆ, ಸ್ಟಾರ್ಟರು ತಿರುಗುತ್ತದೆಯೇ, ಪಂಪಿನ ಸದ್ದು ಇದೆಯೇ, ಬ್ಯಾಟರಿ ಎಷ್ಟು ತೋರಿಸಿತು, ಬಾಟಲಿಯಲ್ಲಿ ನೀರು ಕಂಡಿತೇ, ಎಚ್ಚರಿಕೆಯ ದೀಪ ಮಿನುಗಿದರೆ ಅಥವಾ ಪೀಪಿ ಕೂಗಿದರೆ ಎಷ್ಟು ಸಲ ಎಂಬುದನ್ನು ಮಗನ ಶಾಲೆಯ ಪುಸ್ತಕದ ಹಿಂಬದಿಯಲ್ಲಾದರೂ ಬರೆದುಕೊಂಡು ಓದಿ ಹೇಳಿ. ಮಿನುಗಿನ ಎಣಿಕೆಗೆ ಕೆಲವು ಎಂಜಿನುಗಳಲ್ಲಿ ಒಂದೊಂದು ಅರ್ಥವಿದೆ.

ಮಳೆಗಾಲಕ್ಕೆ ದೋಣಿ ಕಟ್ಟುವವರು ಕಟ್ಟುವ ದಿನವೇ ಎಂಜಿನನ್ನು ಸಿಹಿನೀರಿನಲ್ಲಿ ಹತ್ತು ನಿಮಿಷ ಓಡಿಸಿ ಉಪ್ಪು ತೊಳೆಯಬೇಕು. ಬ್ಯಾಟರಿ ಬಿಚ್ಚಿ ಮನೆಯಲ್ಲಿ ಒಣಜಾಗದಲ್ಲಿಟ್ಟು ತಿಂಗಳಿಗೊಮ್ಮೆ ಚಾರ್ಜು ಮಾಡಿಸಬೇಕು. ಹೊರಗಿನ ಟ್ಯಾಂಕಿನ ಪೆಟ್ರೋಲನ್ನು ತೆಗೆದು ಮೋಟಾರ್ ಸೈಕಲ್ಲಿಗೆ ಹಾಕಿಕೊಂಡು ಮುಗಿಸಬಹುದು, ಅದಕ್ಕೆ ಕೀಲೆಣ್ಣೆ ಬೆರೆಸಿಲ್ಲದಿದ್ದರೆ ಮಾತ್ರ. ಎಂಜಿನಿನ ಒಳತೊಟ್ಟಿಯನ್ನು ಬರಿದು ಮಾಡುವ ಕ್ರಮ ಒಂದೊಂದು ಎಂಜಿನಿಗೆ ಒಂದೊಂದು ತೆರ. ಅದನ್ನು ಮೊದಲ ಸಲ ಮೆಕ್ಯಾನಿಕರ ಕೈಯಲ್ಲಿ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ ಕಲಿತುಕೊಳ್ಳಿ.